ಲಕ್ಷ್ಮಣಫಲದ ಎಲೆ, ದುರ್ವಾಸನೆ ಮರ ಮತ್ತು ಕ್ಯಾನ್ಸರಿನ ಮದ್ದು

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ತೋಟಗಾರರ ಮನೆಯಂಗಳಕ್ಕೆ ಈಚಿನ ವರ್ಷಗಳಲ್ಲಿ ಒಂದು ಗಿಡ ಬಂದು ಸೇರಿಕೊಂಡಿದೆ. ಅದು ಲಕ್ಷ್ಮಣಫಲ. ಸೀತಾಫಲ, ರಾಮಫಲಗಳ ದಾಯಾದಿ; ಮೈತುಂಬ ಮೆತ್ತನೆಯ ಮುಳ್ಳು, ಒಳಗೆ ಹುಳಿಸಿಹಿ ತಿರುಳು. ಹಣ್ಣಿನ ರುಚಿಗೆಂದು ಇದನ್ನು ನೆಟ್ಟವರು ಕಡಿಮೆ. "ಕ್ಯಾನ್ಸರಿಗೆ ಆಗುತ್ತದಂತೆ" ಎಂಬ ಮಾತಿನ ಮೇಲೆ ನೆಟ್ಟವರೇ ಹೆಚ್ಚು. ಆ "ಅಂತೆ"ಯ ಮೇಲೆ ಎಲೆ ಕೊಯ್ದು ಒಣಗಿಸಿ ಪೇಟೆಗೆ ಕಳುಹಿಸುವವರೂ ಇದ್ದಾರೆ, ಪುಡಿ ಮಾಡಿ ಪೊಟ್ಟಣ ಕಟ್ಟುವವರೂ ಇದ್ದಾರೆ.

ಎಕರೆಗಟ್ಟಲೆ ಹಾಕಿದರೆ ಲಾಭವುಂಟೇ, ಸಂಘವೇ ಎಲೆ ಕೊಂಡು ಪುಡಿ ಮಾಡಿಸಿ ಮಾರಬಾರದೇಕೆ ಎಂದು ಕೇಳುವ ಸದಸ್ಯರ ಮೇಲೆ ನಮಗೆ ಬೇಸರವಿಲ್ಲ. ಅಡಿಕೆಗೆ ಎಲೆಚುಕ್ಕಿ, ಹಳದಿ ಎಲೆ ರೋಗ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ. ಮೆಣಸಿನ ಬಳ್ಳಿಗೆ ಸೊರಗು ರೋಗ. ಎರಡು ಮೂರು ಎಕರೆಯಲ್ಲಿ ಸಂಸಾರ ಸಾಗಿಸುವವನು ಹೊಸ ಬೆಳೆಯ ಸುದ್ದಿ ಬಂದಾಗ ಕಿವಿ ನೆಟ್ಟಗೆ ಮಾಡುವುದು ಸಹಜವೇ. ಆದರೆ ಈ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: "ಕ್ಯಾನ್ಸರಿಗೆ ಮದ್ದು" ಎಂಬ ಚೀಟಿ ಅಂಟಿಸಿ ಯಾವ ಎಲೆಯನ್ನೂ, ಯಾವ ಚಕ್ಕೆಯನ್ನೂ ಬೆಳೆಗಾರರ ಸಂಘವಾಗಲಿ ಬೆಳೆಗಾರನಾಗಲಿ ಮಾರಬಾರದು. ಹಾಗೆ ಜಾಹೀರಾತು ಕೊಡುವುದನ್ನು 1954ರ ಕಾನೂನೊಂದು ನಿಷೇಧಿಸಿದೆ. ಗುಣಪಡಿಸುತ್ತೇವೆಂದು ಸಾರಬಾರದ ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್ ಸೇರಿದೆ. ಆದರೆ ಕಾನೂನಿನ ಭಯಕ್ಕಿಂತ ದೊಡ್ಡ ಕಾರಣಗಳಿವೆ.

ಗಿಡಮರಗಳಲ್ಲಿ ಕ್ಯಾನ್ಸರಿನ ಮದ್ದಿದೆ ಎಂಬ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಲೇಖನವನ್ನು ನಾಲ್ಕು ಸಾಲಿನಲ್ಲಿ ಮುಗಿಸಬಹುದಿತ್ತು.

ನಿತ್ಯಪುಷ್ಪವನ್ನೇ ತೆಗೆದುಕೊಳ್ಳಿ. ಕೆಲವರು ಇದಕ್ಕೆ ಕಾಶಿ ಕಣಗಿಲೆ ಎನ್ನುತ್ತಾರೆ. ದನ ಮುಟ್ಟುವುದಿಲ್ಲ, ನೀರು ಕೇಳುವುದಿಲ್ಲ, ಗೋಡೆಯ ಬಿರುಕಿನಲ್ಲಿಯೂ ಹುಟ್ಟಿಕೊಳ್ಳುತ್ತದೆ. ಮೂಲದಲ್ಲಿ ಮಡಗಾಸ್ಕರ್ ದ್ವೀಪದ ಗಿಡ, ಬಿಸಿನಾಡುಗಳಲ್ಲೆಲ್ಲ ಹರಡಿದೆ. ಜಮೈಕಾ ದ್ವೀಪದ ಜನ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಯ ವೈದ್ಯರೊಬ್ಬರು ಕೆನಡಾ ದೇಶಕ್ಕೆ ಒಂದಿಷ್ಟು ಎಲೆ ಕಳುಹಿಸಿದರು. ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾನಿಲಯದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ಇಬ್ಬರು ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಇಲಿಗಳ ರಕ್ತದಲ್ಲಿ ಸಕ್ಕರೆಯೇನೂ ಇಳಿಯಲಿಲ್ಲ. ಆದರೆ ಸತ್ವವನ್ನು ಚುಚ್ಚಿಸಿಕೊಂಡ ಇಲಿಗಳು ಸೋಂಕು ತಗಲಿ ಸತ್ತವು. ಏಕೆಂದು ನೋಡಿದರೆ ರಕ್ತದ ಬಿಳಿಕಣಗಳು ಇಳಿದುಹೋಗಿದ್ದವು. ಬಿಳಿಕಣ ಇಳಿಸುವ ವಸ್ತು, ಬಿಳಿಕಣ ಮಿತಿಮೀರಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಏಕೆ ಆಗಬಾರದು ಎಂಬ ಯೋಚನೆ ಅಲ್ಲಿಂದ ಹೊರಟಿತು. 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಎಂಬ ವಸ್ತು ಬೇರ್ಪಟ್ಟಿತು. ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಅದರ ಸೋದರ ವಸ್ತು ದೊರೆತು 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಬಂದಿತು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯಿದೆ. 1960ರ ಸುಮಾರಿಗೆ ಅದು ಬಂದ ನೂರು ಮಕ್ಕಳಲ್ಲಿ ಹತ್ತು ಮಂದಿ ಉಳಿಯುವುದೂ ಕಷ್ಟವಿತ್ತು. ವಿನ್‌ಕ್ರಿಸ್ಟಿನ್ ಮತ್ತು ಇತರ ಔಷಧಗಳನ್ನು ಜೊತೆಗೂಡಿಸಿ ಕೊಡುವ ಚಿಕಿತ್ಸೆಯಿಂದ ಈಗ ಸಿರಿವಂತ ದೇಶಗಳಲ್ಲಿ ತೊಂಬತ್ತು ಮಂದಿ ಉಳಿಯುತ್ತಾರೆ.

ಈ ಕಥೆಯನ್ನು ಎಲೆ ಮಾರುವವರೂ ಹೇಳುತ್ತಾರೆ, ಆದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧವನ್ನು ಬೆಳೆಗಾರರು ತೂಕದ ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಬೇಕಾದರೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು. ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 2,000 ಕೆ.ಜಿ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರುವುದಿಲ್ಲ. ಅಂದರೆ ಒಂದೇ ಒಂದು ಸೂಜಿಮದ್ದಿನ ಹಿಂದೆ ನಾಲ್ಕು ಕೆ.ಜಿ. ಒಣ ಎಲೆ ಇದೆ! ಆ ಎಲೆಯಲ್ಲಿ ಇದೊಂದೇ ವಸ್ತುವಲ್ಲ, ನೂರಕ್ಕೂ ಮಿಕ್ಕಿ ಕ್ಷಾರಸತ್ವಗಳಿವೆ. ಅವುಗಳಲ್ಲಿ ಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂದು ನಮ್ಮ ಪಾತ್ರೆಯ ಕುದಿನೀರು ಆರಿಸಿ ಕೊಡುವುದಿಲ್ಲ. ಬೇರ್ಪಡಿಸಿದ ಮೇಲೂ ಅದು ಸಾಧು ವಸ್ತುವಲ್ಲ. ರಕ್ತನಾಳಕ್ಕೇ ಹೋಗಬೇಕು, ನಾಳದಿಂದ ಹೊರಗೆ ಸೋರಿದರೆ ಮಾಂಸವನ್ನು ಸುಡುತ್ತದೆ, ಕೈತಪ್ಪಿ ಬೆನ್ನುಹುರಿಯ ನೀರಿಗೆ ಚುಚ್ಚಿದರೆ ರೋಗಿ ಉಳಿಯುವುದಿಲ್ಲ. ಹೀಗಿರುವಾಗ ಅಂಗಳದ ನಿತ್ಯಪುಷ್ಪದ ಎಲೆ ಕುದಿಸಿ ಕುಡಿಯುವುದಕ್ಕೂ ಆಸ್ಪತ್ರೆಯ ಚಿಕಿತ್ಸೆಗೂ ಇರುವ ಸಂಬಂಧ ಇಷ್ಟೇ: ಎರಡಕ್ಕೂ ಗಿಡ ಒಂದೇ.

ಬೆಳೆಯಾಗಿ ನೋಡಿದರೂ ಇದರಲ್ಲಿ ಪಾಠವಿದೆ. ತಮಿಳುನಾಡಿನ ತಿರುನೆಲ್ವೇಲಿಯ ಕಡೆಯ ಒಣಭೂಮಿಯಲ್ಲಿ ರೈತರು ಬಹಳ ಕಾಲದಿಂದ ನಿತ್ಯಪುಷ್ಪ ಬೆಳೆದು ಎಲೆ, ಬೇರು ಮಾರಿದ್ದಾರೆ. 2022ರಲ್ಲಿ ಡೆನ್ಮಾರ್ಕಿನಿಂದ ನಡೆದ ಒಂದು ಸಂಶೋಧನೆಯಲ್ಲಿ, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟನ್ನು ಮಾರ್ಪಡಿಸಿ, ವಿನ್‌ಬ್ಲಾಸ್ಟಿನ್ನಿಗೆ ಬೇಕಾದ ಎರಡು ಮೂಲವಸ್ತುಗಳನ್ನು ಅದರಿಂದಲೇ ಮಾಡಿಸಿ ತೋರಿಸಿದರು. ಅದು ಕಾರ್ಖಾನೆಯ ಮಟ್ಟಕ್ಕೆ ಬಂದರೆ ಎಲೆಗೆ ಯಾರು ಬೆಲೆ ಕೊಡುತ್ತಾರೆ? ಔಷಧ ಬೆಳೆಯೆಂದರೆ ಅಡಿಕೆ ಮಂಡಿಯ ಏರಿಳಿತಕ್ಕಿಂತಲೂ ಚಂಚಲವಾದದ್ದು ಎಂಬುದು ನೆನಪಿರಲಿ.

ಇನ್ನೊಂದು ಮರ ನಮ್ಮದೇ ಘಟ್ಟದ್ದು. ದುರ್ವಾಸನೆ ಮರ. ಹೂ ಬಿಟ್ಟಾಗ ಹತ್ತಿರ ನಿಲ್ಲಲಾಗದ ನಾತ, ಹೆಸರು ಅದರಿಂದಲೇ. ಕೊಡಗಿನ ಬಾಣೆಯಲ್ಲಿ, ಶಿವಮೊಗ್ಗ, ಉತ್ತರ ಕನ್ನಡಗಳ ಕಾನು, ಸೊಪ್ಪಿನಬೆಟ್ಟಗಳಲ್ಲಿ, ಏಲಕ್ಕಿ ಕಾಫಿ ತೋಟಗಳ ಅಂಚಿನಲ್ಲಿ ಬೆಳೆಯುವ ಸಣ್ಣ ಮರ. ಸೌದೆಗೂ ಹೇಳಿಕೊಳ್ಳುವಂಥದ್ದಲ್ಲ, ಮರಮಟ್ಟಿಗೆ ಮೊದಲೇ ಅಲ್ಲ. ಮಹಾರಾಷ್ಟ್ರದವರು ಇದೇ ಮರಕ್ಕೆ ಕೆಲವೆಡೆ ನರಕ್ಯಾ ಎಂದೂ ಕೆಲವೆಡೆ ಅಮೃತವೆಂದೂ ಕರೆಯುತ್ತಾರೆ. ನರಕ, ಅಮೃತ ಎರಡನ್ನೂ ಒಂದೇ ಮರಕ್ಕೆ ಕಟ್ಟಿದವರ ಜಾಣತನವನ್ನು ಮೆಚ್ಚಬೇಕು.

ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ನೆಲೆಸಿದ ಮನ್‌ಸುಖ್ ವಾನಿ ಇಬ್ಬರೂ ಸೇರಿ 1966ರಲ್ಲಿ ಚೀನಾ ದೇಶದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. 1972ರಲ್ಲಿ ಮುಂಬಯಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ, ಅದೂ ಧಾರಾಳವಾಗಿ, ಇದೆಯೆಂದು ತೋರಿಸಿದರು. ಆದರೆ ಅದೇ ಹೊತ್ತಿಗೆ ಅಮೆರಿಕದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಮದ್ದು ಸೋತಿತು. ಮೂತ್ರಕೋಶದಲ್ಲಿ ರಕ್ತಸ್ರಾವ, ತೀವ್ರ ಭೇದಿ. ಪರೀಕ್ಷೆಯನ್ನೇ ನಿಲ್ಲಿಸಿದರು. ಜೀವಕೋಶ ಒಡೆದು ಎರಡಾಗುವಾಗ ಅದರೊಳಗಿನ ವಂಶದೆಳೆಯ ಸಿಕ್ಕು ಬಿಡಿಸುವ ಒಂದು ಕಿಣ್ವವಿದೆ. ಈ ವಸ್ತು ಆ ಕಿಣ್ವವನ್ನು ಕೆಲಸದ ಮಧ್ಯದಲ್ಲಿಯೇ ಹಿಡಿದು ನಿಲ್ಲಿಸುತ್ತದೆ ಎಂಬುದು 1985ರಲ್ಲಿ ತಿಳಿದ ಮೇಲೆ ಮತ್ತೆ ಆಸಕ್ತಿ ಹುಟ್ಟಿತು. ರಸಾಯನಜ್ಞರು ಮೂಲ ವಸ್ತುವನ್ನು ತಿದ್ದಿ, ನೀರಿನಲ್ಲಿ ಕರಗುವಂತೆ ಮಾಡಿ, ಎರಡು ಔಷಧಗಳನ್ನು ತಯಾರಿಸಿದರು. ಟೊಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೆ, ಇರಿನೊಟೆಕಾನ್ ದೊಡ್ಡ ಕರುಳಿನ ಕ್ಯಾನ್ಸರಿಗೆ. ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮರದಿಂದ ಮದ್ದಿನವರೆಗೆ ಲೆಕ್ಕ ಹಾಕಿದರೆ ಮೂವತ್ತು ವರ್ಷ.

ಮರದ ಗತಿ ಏನಾಯಿತು? ಬೇಡಿಕೆ ಹುಟ್ಟಿದ ಕೂಡಲೇ ಕೊಡಲಿ ಬಂದಿತು. ಘಟ್ಟದ ಉದ್ದಕ್ಕೂ, ಮುಖ್ಯವಾಗಿ ಮಹಾರಾಷ್ಟ್ರದ ಕಡೆ, ಮರಗಳನ್ನು ಬುಡಸಹಿತ ಕಡಿದು, ಚಕ್ಕೆ ಮಾಡಿ, ಒಣಗಿಸಿ, ಮೂಟೆ ಕಟ್ಟಿ ಸಾಗಿಸಿದರು. ಕಡಿದವನಿಗೆ ಸಿಕ್ಕಿದ್ದು ದಿನಗೂಲಿ. ಮರ ಬೆಳೆದ ಬೆಟ್ಟದ ಊರಿಗೆ ಸಿಕ್ಕಿದ್ದು ಬುಡದ ಮೋಟು. ಔಷಧದ ಬೆಲೆಗೂ ಚಕ್ಕೆಯ ಬೆಲೆಗೂ ನಡುವಿನ ದೂರವನ್ನು ನಾವು ಹೇಳಬೇಕಾಗಿಲ್ಲ. ಕಾಫಿ ಬೀಜ ಕೊಟ್ಟು ಪೇಟೆಯಲ್ಲಿ ಲೋಟದ ಕಾಫಿ ಕುಡಿದವರಿಗೆ ಅದು ಗೊತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಘಟ್ಟದ ಬೇರೆಬೇರೆ ಕಡೆಯ ಮರಗಳನ್ನು ಪರೀಕ್ಷಿಸಿ, ಸತ್ವದ ಪ್ರಮಾಣ ಮರದಿಂದ ಮರಕ್ಕೆ ಬಹಳವಾಗಿ ಬದಲಾಗುತ್ತದೆ ಎಂದು ತೋರಿಸಿದ್ದಾರೆ. ಹಾಗಾದರೆ ಗೊತ್ತುಗುರಿಯಿಲ್ಲದೆ ಕಡಿದ ಮರಗಳಲ್ಲಿ ಒಳ್ಳೆಯ ತಳಿಗಳೆಷ್ಟು ಹೋದವು ಎಂದು ಯೋಚಿಸಬೇಕು. ಒಳ್ಳೆಯ ಅಡಿಕೆ ಮರದಿಂದ ಗೋಟು ಆರಿಸುವ ಮೊದಲೇ ಮರ ಕಡಿದ ಹಾಗೆ.

ನಮ್ಮ ಸದಸ್ಯರಿಗೆ ಇಲ್ಲಿ ಒಂದು ಕೆಲಸವಿದೆ ಎಂದು ನಾವು ತಿಳಿಯುತ್ತೇವೆ. ಸೊಪ್ಪಿನಬೆಟ್ಟ, ಬಾಣೆ, ಕುಮ್ಕಿ, ಯಾವ ಹೆಸರಿನಿಂದ ಕರೆದರೂ ಆ ಜಾಗ ನಮ್ಮ ಕೈಯಲ್ಲಿದೆ. ಸೊಪ್ಪು ಸವರುವಾಗ, ಬೇಲಿಗೆ ಗೂಟ ಕಡಿಯುವಾಗ ಈ ಮರವನ್ನು ಬಿಟ್ಟುಬಿಡುವುದಕ್ಕೆ ಖರ್ಚಿಲ್ಲ. ಬೀಜದಿಂದ ಸಸಿ ಎಬ್ಬಿಸಿ ಇನ್ನಷ್ಟು ನೆಡಬಹುದು. ಕಡಿದ ಬುಡವೂ ಚಿಗುರುತ್ತದೆ. ದರದ ಭರವಸೆಯನ್ನು ನಾವು ಕೊಡಲಾರೆವು. ಮುಂದೊಂದು ದಿನ ಕೊಳ್ಳುವವರು ಬಂದರೆ 2002ರ ಜೀವವೈವಿಧ್ಯ ಕಾನೂನು ಓದಿಕೊಂಡು ಮಾತನಾಡಿ. ಕಾಡಿನ ಸಂಪತ್ತಿನಿಂದ ಬರುವ ಲಾಭದಲ್ಲಿ ಸ್ಥಳೀಯರಿಗೆ ಪಾಲು ಎಂಬುದು ಆ ಕಾನೂನಿನ ಮಾತು. ಬೆಳೆಸಿದ ಔಷಧ ಗಿಡಗಳಿಗೆ 2023ರ ತಿದ್ದುಪಡಿಯಲ್ಲಿ ಸಡಿಲಿಕೆ ಕೊಟ್ಟಿದ್ದಾರೆ. ಆದ್ದರಿಂದ ಯಾವುದು ಬೆಳೆಸಿದ್ದು, ಯಾವುದು ಕಾಡಿನದು ಎಂಬುದಕ್ಕೆ ಪಂಚಾಯತಿಯ ಜೀವವೈವಿಧ್ಯ ಸಮಿತಿಯಲ್ಲಿ ದಾಖಲೆಯಿರಬೇಕಾದ್ದು ಮುಖ್ಯ. ಹಲವು ಪಂಚಾಯತಿಗಳಲ್ಲಿ ಆ ಸಮಿತಿ ಹೆಸರಿಗೆ ಮಾತ್ರ ಇದೆಯೆಂಬುದು ಓದುಗರಿಗೆ ತಿಳಿದದ್ದೇ.

ಇನ್ನು ಲಕ್ಷ್ಮಣಫಲಕ್ಕೆ ಬರೋಣ. "ಕೀಮೋ ಚಿಕಿತ್ಸೆಗಿಂತ ಹತ್ತು ಸಾವಿರ ಪಟ್ಟು ಶಕ್ತಿ" ಎಂಬ ಮಾತು ಎಲ್ಲರ ಫೋನಿಗೂ ಬಂದಿರಬೇಕು. ಈ ಹತ್ತು ಸಾವಿರ ಎಲ್ಲಿಂದ ಬಂತೆಂದು ಹುಡುಕಿದರೆ 1996ರ ಒಂದು ಪ್ರಯೋಗಕ್ಕೆ ಹೋಗಿ ಮುಟ್ಟುತ್ತೇವೆ. ಲಕ್ಷ್ಮಣಫಲದ ಬೀಜದಿಂದ ತೆಗೆದ ಒಂದು ವಸ್ತುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ ಅದು ಅಡ್ರಿಯಮೈಸಿನ್ ಎಂಬ ಔಷಧಕ್ಕಿಂತ ಅಷ್ಟು ಪಟ್ಟು ತೀವ್ರವಾಗಿ ಕೆಲಸ ಮಾಡಿತು. ಪ್ರಯೋಗ ನಿಜ. ಆದರೆ ಅದು ಬೀಜದ್ದು, ಎಲೆಯದ್ದಲ್ಲ. ತಟ್ಟೆಯ ಮೇಲಿನದು, ಮನುಷ್ಯನ ಮೈಯೊಳಗಿನದಲ್ಲ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ದೊಡ್ಡ ಮಾತಲ್ಲ. ನಾವು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತವೂ ಕೊಲ್ಲುತ್ತದೆ. ಒಳ್ಳೆಯ ಕೋಶವನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ಕೊಲ್ಲಬೇಕು, ಹೊಟ್ಟೆ, ರಕ್ತ, ಯಕೃತ್ತುಗಳನ್ನು ದಾಟಿ ಗಡ್ಡೆಯವರೆಗೆ ಮುಟ್ಟಬೇಕು, ಕಷ್ಟವಿರುವುದು ಅಲ್ಲಿ.

ಇದಕ್ಕಿಂತ ಗಂಭೀರವಾದ ವಿಷಯ ಬೇರೆ ಇದೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನು ತಿನ್ನುವ, ಎಲೆಯ ಕಷಾಯ ಕುಡಿಯುವ ರೂಢಿ ಬಹಳ. ಅಲ್ಲಿ ಕೈ ನಡುಗುವ, ಮೈ ಸೆಟೆಯುವ, ನಡೆಯುವಾಗ ಮುಗ್ಗರಿಸುವ ಪಾರ್ಕಿನ್ಸನ್ ತರಹದ ನರರೋಗ, ಸಾಮಾನ್ಯ ಔಷಧಕ್ಕೆ ಬಗ್ಗದ ಜಾತಿಯದು, ಅಸಹಜವಾಗಿ ಹೆಚ್ಚಿರುವುದನ್ನು ವೈದ್ಯರು ಗುರುತಿಸಿ 1999ರಲ್ಲಿ ಪ್ರಕಟಿಸಿದರು. ಈ ಹಣ್ಣಿನ ಜಾತಿಯ ಸೇವನೆಯೊಂದಿಗೆ ಅದಕ್ಕೆ ನಂಟಿರಬಹುದೆಂದು ಶಂಕಿಸಿದರು. ಎಲೆ, ಹಣ್ಣುಗಳಲ್ಲಿರುವ ಅನೊನಾಸಿನ್ ಎಂಬ ವಸ್ತು ಇಲಿಗಳ ಮೆದುಳಿನ ನರಕೋಶಗಳನ್ನು ಹಾಳುಮಾಡುತ್ತದೆ ಎಂಬುದು ಮುಂದೆ ಪ್ರಯೋಗಗಳಲ್ಲಿ ಕಂಡಿತು. ಕ್ಯಾನ್ಸರ್ ಕೋಶದ ಉಸಿರು ಕಟ್ಟಿಸುವ ಗುಣವೇ ನರಕೋಶದ ಉಸಿರನ್ನೂ ಕಟ್ಟಿಸುತ್ತದೆ. ನೆಂಟರು ಬಂದಾಗ ಒಂದು ಹಣ್ಣು ಕೊಯ್ದು ಪಾನಕ ಮಾಡಿದರೆ ಹೆದರಬೇಕಾಗಿಲ್ಲ. ದಿನಾಲೂ ಬೆಳಿಗ್ಗೆ ಎಲೆಯ ಕಷಾಯವನ್ನು ವರ್ಷಗಟ್ಟಲೆ ಕುಡಿಯುವುದು ಬೇರೆ ಮಾತು.

ಅರಿಶಿನದ ವಿಷಯದಲ್ಲಿ ಬಹಳ ಬರೆಯುವುದಿಲ್ಲ. ಕರ್ಕ್ಯುಮಿನ್ ಮೇಲೆ ನೂರಕ್ಕೂ ಹೆಚ್ಚು ಪರೀಕ್ಷೆಗಳು ನಡೆದರೂ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅದು ಗೆದ್ದ ಉದಾಹರಣೆಯಿಲ್ಲವೆಂದು 2017ರಲ್ಲಿ ಒಂದು ದೊಡ್ಡ ವಿಮರ್ಶೆ ಹೇಳಿತು. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರುವುದೇ ಕಡಿಮೆ. ಕಾಳುಮೆಣಸಿನ ಪೈಪರೀನ್ ಜೊತೆಗೆ ಕೊಟ್ಟರೆ ಸೇರುವುದು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಮೆಣಸು ಬೆಳೆಯುವ ನಮಗೆ ಇದು ಹೆಮ್ಮೆಯ ಸುದ್ದಿಯಾಗಿ ಕಾಣಬಹುದು. ಆದರೆ ಅರಿಶಿನವನ್ನು ಒಳಗೆ ಬಿಡುವ ಬಾಗಿಲು ಬೇರೆ ಔಷಧಗಳನ್ನೂ ಅಳತೆ ಮೀರಿ ಒಳಗೆ ಬಿಡುತ್ತದೆ. ಚಿಕಿತ್ಸೆಯಲ್ಲಿರುವವರು ಇಂಥ ಮಾತ್ರೆಗಳನ್ನು ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬಾರದು. ಸಾರಿಗೆ ಹಾಕುವ ಮೆಣಸಿನ ಮಾತು ಇದಲ್ಲ.

ಕೆಲವರಿಗೆ ಹಿಡಿಸದ ಮಾತನ್ನು ಈಗ ಹೇಳಬೇಕಾಗಿದೆ. 2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯದ ಸಂಶೋಧಕರು, ಅಡಿಕೆಯ ಅರೆಕೊಲಿನ್ ಎಂಬ ಸತ್ವದ ಒಂದು ರೂಪ ಕ್ಯಾನ್ಸರ್ ಕೋಶಗಳಿಗೆ ಬೇಕಾದ ಕಿಣ್ವವೊಂದನ್ನು ತಡೆದು, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ಕುಗ್ಗಿಸಿತೆಂದು ಪ್ರಕಟಿಸಿದರು. ಅಡಿಕೆ ಸೀಮೆಯಲ್ಲಿ ಈ ಸುದ್ದಿಗೆ ಆದ ಸಂಭ್ರಮ ನೆನಪಿರಬಹುದು. "ಅಡಿಕೆಯೇ ಕ್ಯಾನ್ಸರಿಗೆ ಮದ್ದು" ಎಂದು ಸಭೆಗಳಲ್ಲಿ ಭಾಷಣವಾಯಿತು. ಅದೇ ಸಭೆಗಳಲ್ಲಿ, ಅಡಿಕೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು 2003ರಲ್ಲಿ ತೀರ್ಮಾನಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವನ್ನು ಪಿತೂರಿಗಾರರೆಂದು ಬೈದದ್ದೂ ಆಯಿತು. ಇಲಿಯ ಮೇಲಿನ ಒಂದು ಪ್ರಯೋಗವನ್ನು ವೇದವಾಕ್ಯವೆನ್ನುವುದು, ಸಾವಿರಾರು ಮನುಷ್ಯರನ್ನು ನೋಡಿ ಬರೆದದ್ದನ್ನು ಕಟ್ಟುಕಥೆಯೆನ್ನುವುದು, ಇದು ತಕ್ಕಡಿಯ ಕೆಳಗೆ ಅರಗು ಅಂಟಿಸಿದ ವ್ಯಾಪಾರ. ಮಂಡಿಯಲ್ಲಿ ಯಾರಾದರೂ ನಮಗೆ ಹಾಗೆ ತೂಗಿದರೆ ಸುಮ್ಮನಿರುತ್ತೇವೆಯೇ?

ಕಾಫಿಯವರು ಈ ಸಂಸ್ಥೆಯನ್ನು ಚೆನ್ನಾಗಿ ಬಲ್ಲರು. 1991ರಲ್ಲಿ ಅದೇ ಸಂಸ್ಥೆ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಿರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ತಿರುಗಿ ನೋಡಿ, ಆಧಾರ ಸಾಲದೆಂದು ಕಾಫಿಯನ್ನು ಆ ಪಟ್ಟಿಯಿಂದ ಬಿಡಿಸಿತು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಗಂಟಲಿಗೆ ಒಳ್ಳೆಯದಲ್ಲವೆಂದಷ್ಟೇ ಎಚ್ಚರಿಸಿತು. ಕಾಫಿಯನ್ನು ಬಿಟ್ಟಾಗ ಈ ಸಂಸ್ಥೆ ನ್ಯಾಯವಂತ, ಅಡಿಕೆಯನ್ನು ಹಿಡಿದಾಗ ಅನ್ಯಾಯಗಾರ ಎಂದು ಒಂದೇ ಸಂಘದ ಸದಸ್ಯರಾದ ನಾವು ಹೇಳಲು ಬರುವುದಿಲ್ಲ. ಅಡಿಕೆಯ ಮೇಲೆ ದೇಶದಲ್ಲಿಯೇ ಹೊಸದಾಗಿ ಸಂಶೋಧನೆಯಾಗಬೇಕೆಂಬ ಬೇಡಿಕೆಯನ್ನು ನಾವೂ ಬೆಂಬಲಿಸುತ್ತೇವೆ. ಆದರೆ ಫಲಿತಾಂಶ ನಮ್ಮ ಪರವಾಗಿ ಬಂದರೂ ವಿರುದ್ಧವಾಗಿ ಬಂದರೂ ಪ್ರಕಟಿಸುತ್ತೇವೆಂಬ ಷರತ್ತಿನ ಮೇಲೆ ಮಾತ್ರ. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200 ಹೊಗೆರಹಿತ ತಂಬಾಕು ಮತ್ತು ಅಡಿಕೆ ಸೇವನೆಯಿಂದ ಬಂದವೆಂದೂ, ಅವುಗಳಲ್ಲಿ 83,400 ಭಾರತದವೆಂದೂ 2024ರ ಅಂದಾಜು. ತಂಬಾಕಿನ ಪಾಲೆಷ್ಟು, ಅಡಿಕೆಯ ಪಾಲೆಷ್ಟು ಎಂದು ವಾದಿಸಬಹುದು. ಆ ಬಾಯಿಗಳು ಯಾರವು ಎಂಬುದರಲ್ಲಿ ವಾದವಿಲ್ಲ. ಕೊನೆ ತೆಗೆಯುವವರು, ಸುಲಿಯುವ ಹೆಂಗಸರು, ಲಾರಿಯವರು, ಮತ್ತು ಊಟವಾದ ಮೇಲೆ ಜಗಲಿಯಲ್ಲಿ ಕವಳದ ತಟ್ಟೆ ಎಳೆದುಕೊಳ್ಳುವ ನಾವು.

ಎಲೆಯ ವ್ಯಾಪಾರ ಬೇಡವೆನ್ನಲು ಮುಖ್ಯ ಕಾರಣವೂ ಇಲ್ಲಿಯೇ ಇದೆ. ಕ್ಯಾನ್ಸರ್ ಬಂದವನು ಕಷಾಯ ಕುಡಿದರೆ ಆಗುವ ಹಾನಿಗಿಂತ, ಕಷಾಯ ಕುಡಿಯುತ್ತ ಕಳೆದ ನಾಲ್ಕಾರು ತಿಂಗಳ ಹಾನಿ ದೊಡ್ಡದು. ಬಾಯಿಯ ಸಣ್ಣ ಹುಣ್ಣಾಗಿದ್ದಾಗ ಕತ್ತರಿಸಿ ತೆಗೆಯಬಹುದಾದದ್ದು ಕುತ್ತಿಗೆಯ ಗಂಟಾಗುವ ಹೊತ್ತಿಗೆ ಡಾಕ್ಟರರೂ ತಲೆಯಾಡಿಸುತ್ತಾರೆ. ಪಾರಂಪರಿಕ ವೈದ್ಯರ ಮೇಲೆ ನಮಗೆ ಗೌರವವಿದೆ. ಸರ್ಪಸುತ್ತು, ಕಾಮಾಲೆ, ಉಳುಕುಗಳಿಗೆ ಅವರಲ್ಲಿಗೆ ಹೋಗುವವರನ್ನು ತಡೆಯುವವರು ನಾವಲ್ಲ. ಆದರೆ ಬಾಯಿಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಗಲಿದರೆ ಉರಿ, ಮೂರು ಬೆರಳು ಒಟ್ಟಾಗಿ ಹಿಡಿಯದಷ್ಟು ಬಾಯಿ ಬಿಗಿತ, ಇವುಗಳಲ್ಲಿ ಒಂದು ಕಂಡರೂ ಮೊದಲು ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬೇಕು. ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆಗೆ ಬರೆದುಕೊಡುತ್ತಾರೆ; ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಪಡಿತರ ಚೀಟಿ, ಆಧಾರ್ ಎರಡನ್ನೂ ಜೊತೆಯಲ್ಲಿ ಒಯ್ಯುವುದು.

ಲಕ್ಷ್ಮಣಫಲದ ಗಿಡವನ್ನು ಕಿತ್ತೊಗೆಯಿರೆಂದು ನಾವು ಹೇಳುವುದಿಲ್ಲ. ಹಣ್ಣನ್ನು ಹಣ್ಣೆಂದು ಮಾರಿ. ಎಲೆ ಕೇಳಿ ಬಂದವರಿಗೆ, ಅದರಲ್ಲಿಯೂ ಮನೆಯಲ್ಲಿ ರೋಗಿಯಿದ್ದು ದೂರದಿಂದ ಬಸ್ಸು ಹತ್ತಿ ಬಂದವರಿಗೆ, ಆಸ್ಪತ್ರೆಗೆ ಹೋಗಿದ್ದೀರಾ ಎಂದು ಮೊದಲು ಕೇಳಿ. ದುರ್ವಾಸನೆ ಮರ ತಮ್ಮ ಬೆಟ್ಟದಲ್ಲಿಯೋ ಬಾಣೆಯಲ್ಲಿಯೋ ಇರುವ ಸದಸ್ಯರು ಎಷ್ಟು ಮರ, ಯಾವ ಸರ್ವೆ ನಂಬರು, ಹಣ್ಣು ಯಾವ ತಿಂಗಳಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಿದರೆ, ಬೀಜ ಸಂಗ್ರಹದ ಏರ್ಪಾಡನ್ನು ಮುಂದಿನ ಮಳೆಗಾಲದೊಳಗೆ ಮಾಡಬಹುದು.